ಪತ್ರಾ ಹನ್ನೊಂದು ಸಾವಿರ, ಮಜೂರಿ ಇಪ್ಪತ್ತು ಸಾವಿರ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

"ಸಾಮಾನಿಗಿಂತ ಮಜೂರಿ ಹೆಚ್ಚು ಹೆಂಗಾತು?" ನಮ್ಮ ಅಬ್ಬಾ ಅವರ ಗ್ಯಾರೇಜಿನಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಪ್ರಶ್ನೆ ಇದು. ಕೇಳುವವರು ಸಿಟ್ಟಿನಿಂದಲೇ ಕೇಳಬೇಕೆಂದಿಲ್ಲ. ಕೆಲವರು ನಗುತ್ತ ಕೇಳುತ್ತಾರೆ, ಕೆಲವರು ಬಿಲ್ಲನ್ನು ಎರಡು ಸಲ ತಿರುವಿ ನೋಡಿ ಕೇಳುತ್ತಾರೆ. ಅಬ್ಬಾ ಅವರ ಉತ್ತರ ಮಾತ್ರ ಯಾವಾಗಲೂ ಒಂದೇ: "ಕೆಲಸ ಹಂಗೈತ್ರಿ." ಈ ಉತ್ತರದಿಂದ ಯಾರಿಗೂ ಸಮಾಧಾನವಾಗಿದ್ದನ್ನು ನಾನು ನೋಡಿಲ್ಲ. ಈ ವರ್ಷ ಒಂದು ಹಳೆಯ ಅಂಬಾಸಿಡರ್ ಕಾರಿನ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಗಂಟೆ ಗಂಟೆಗೂ ಬರೆದಿಟ್ಟುಕೊಂಡೆ. ಆ ಪುಸ್ತಕದ ಆಧಾರದ ಮೇಲೆ ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬರೆಯುತ್ತಿದ್ದೇನೆ.

ನಮ್ಮದು ಚಿಂಚಲಿ. ಮನೆಯ ಮುಂದೆಯೇ ತಗಡಿನ ಶೆಡ್, ಅದೇ ಗ್ಯಾರೇಜು. ಮನೆಯೊಳಗೆ ಉರ್ದು, ಶೆಡ್ಡಿನಲ್ಲಿ ಕನ್ನಡ, ಮಿರಜ ಕಡೆಯ ಗಿರಾಕಿ ಬಂದರೆ ಮರಾಠಿ. ಅಬ್ಬಾ ಎಂಜಿನ್ ಮುಟ್ಟುವುದಿಲ್ಲ. ಅವರದು ಪತ್ರಾ ಕೆಲಸ, ಅಂದರೆ ಡೆಂಟಿಂಗ್. ನನ್ನ ವಯಸ್ಸಿನಲ್ಲಿ ಮಿರಜದ ಒಂದು ಗ್ಯಾರೇಜಿಗೆ ಸೇರಿ ಸುತ್ತಿಗೆ ಹಿಡಿದವರು, ಇಪ್ಪತ್ತೇಳು ವರ್ಷವಾಯಿತು. ಜೊತೆಗೆ ನಮ್ಮ ಮಾಮು ಅವರ ಮಗ ಮೂರು ವರ್ಷದಿಂದ ಕೆಲಸ ಕಲಿಯುತ್ತಿದ್ದಾನೆ. ಕಬ್ಬಿನ ಸೀಜನ್ ಬಂತೆಂದರೆ ಟ್ರ್ಯಾಕ್ಟರ್ ಟ್ರೇಲರ್‌ಗಳ ಸಾಲೇ ಸಾಲು. ಪಾಟಿ ಬಿಟ್ಟಿದೆ, ಕೊಂಡಿ ಮುರಿದಿದೆ, ಇವತ್ತೇ ಬೇಕು ಎನ್ನುತ್ತಾರೆ. ಉಳಿದ ದಿನಗಳಲ್ಲಿ ಜೀಪು, ಟೆಂಪೋ, ಗುದ್ದಿಸಿಕೊಂಡ ಮಾರುತಿಗಳು. ಅಂಬಾಸಿಡರ್ ಬರುವುದು ಅಪರೂಪ.

ಈ ಕಾರು 1986ರ ಮಾರ್ಕ್ 4. ಪಕ್ಕದ ಹಳ್ಳಿಯ ಕಬ್ಬು ಬೆಳೆಗಾರರೊಬ್ಬರ ತಂದೆ ಹೊಸದಾಗಿ ಕೊಂಡಿದ್ದು. ತಂದೆ ತೀರಿಕೊಂಡ ಮೇಲೆ ಎಂಟು ವರ್ಷ ಗೋದಾಮಿನ ಪಕ್ಕದಲ್ಲಿ ಅರ್ಧ ಬಿಸಿಲು ಅರ್ಧ ಮಳೆಯಲ್ಲಿ ನಿಂತಿತ್ತು. ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಜನ ಎತ್ತಿನ ಗಾಡಿ ಕಟ್ಟಿಕೊಂಡು ಬರುವುದು ನಮ್ಮ ಊರಿನವರಿಗೆಲ್ಲ ಗೊತ್ತು. ಈ ಸಾಹುಕಾರರಿಗೆ ತಮ್ಮ ಬೀಗರನ್ನು ಜಾತ್ರೆಗೆ ಅಪ್ಪನ ಕಾರಿನಲ್ಲೇ ಕರೆತರಬೇಕು ಎಂಬ ಆಸೆ. ಎರಡು ಮುಂದಿನ ಮಡ್‌ಗಾರ್ಡ್‌ಗಳನ್ನು ತಾವೇ ಹುಡುಕಿ 8,600 ರೂಪಾಯಿಗೆ ತಂದಿದ್ದರು. ಬಾಗಿಲ ಕೆಳಗಿನ ಉದ್ದ ಪಟ್ಟಿಗಳಿಗೆ ಬೇಕಾದ ಪತ್ರಾ 2,400. ಒಟ್ಟು 11,000 ರೂಪಾಯಿ ಸಾಮಾನು. ಬಣ್ಣದ ಕೆಲಸ ಬೇರೆ ಪೇಂಟರ್‌ಗೆ, ಅದರ ಲೆಕ್ಕ ಬೇರೆ.

ಅಬ್ಬಾ ಕಾರಿನ ಸುತ್ತ ಎರಡು ಸಲ ಸುತ್ತಿ, ಮಂಡಿಯೂರಿ ಕೆಳಗೆ ನೋಡಿ, ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಚುಚ್ಚಿ, "ಮಜೂರಿ ಇಪ್ಪತ್ನಾಕ ಸಾವಿರ ಆಗತೈತ್ರಿ ಸಾಹುಕಾರ್ರ" ಎಂದರು.

"ಏನ್ ಮಿಸ್ತ್ರಿ, ಮದುವಿಗಿಂತ ಮಂಟಪದ ಖರ್ಚ ಹೆಚ್ಚಾತಲ್ಲ!" ಎಂದರು ಸಾಹುಕಾರರು. ಹದಿನೈದರಿಂದ ಶುರುವಾಗಿ ಚಹಾ ಕುಡಿಯುವಷ್ಟರಲ್ಲಿ ಇಪ್ಪತ್ತಕ್ಕೆ ಮಾತು ಮುಗಿಯಿತು.

ಅದೇ ವಾರ ನಮ್ಮ ಲೆಕ್ಕಶಾಸ್ತ್ರದ ಸರ್ ತರಗತಿಯಲ್ಲಿ, ನಿಮ್ಮ ಊರಿನ ಯಾವುದಾದರೂ ಒಂದು ಸಣ್ಣ ವ್ಯವಹಾರದ ಕೂಲಿ ಖರ್ಚನ್ನು ಬರೆದು ತನ್ನಿ ಎಂದು ಹೇಳಿದ್ದರು. ನಾನು ದೂರ ಹೋಗಬೇಕಾಗಿರಲಿಲ್ಲ. ಕಾಲೇಜಿಲ್ಲದ ಹೊತ್ತಿನಲ್ಲಿ ನಾನೇ ನೋಡಿ ಬರೆದೆ, ಕಾಲೇಜಿನಲ್ಲಿದ್ದ ಹೊತ್ತಿನದನ್ನು ಮಾಮು ಮಗ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಇಡುತ್ತಿದ್ದ. ಒಂದು ಗೆರೆ ಅರ್ಧ ಗಂಟೆ. ಅಬ್ಬಾ ನಕ್ಕರು. "ಹಾತ್ ಕಾ ಕಾಮ್ ಹೈ ಬೇಟಿ, ಘಂಟೇ ಕೌನ್ ಗಿನ್ತಾ?" ಎಂದರು. ಕೈಕೆಲಸಕ್ಕೆ ಗಂಟೆ ಎಣಿಸುವವರು ಯಾರು ಎಂದು.

ಈಗ ಕೆಲಸದ ವಿಷಯ. ಓದುಗರಲ್ಲಿ ಹೆಚ್ಚಿನವರು ಮಡ್‌ಗಾರ್ಡ್ ಬದಲಿಸುವುದೆಂದರೆ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವುದು ಎಂದುಕೊಂಡಿರಬಹುದು. ಮಾರುತಿ 800ರಲ್ಲಿ ಹೆಚ್ಚುಕಡಿಮೆ ಹಾಗೇ. ಕಾರ್ಖಾನೆಯ ದೊಡ್ಡ ಪ್ರೆಸ್ಸಿನಲ್ಲಿ ಒತ್ತಿ ತೆಗೆದ ಪತ್ರಾ ಒಂದರಂತೆ ಇನ್ನೊಂದಿರುತ್ತದೆ. ಬೋಲ್ಟಿನ ತೂತು ಬೋಲ್ಟಿಗೆ ಸರಿಯಾಗಿ ಬರುತ್ತದೆ. ನಮ್ಮ ಶೆಡ್ಡಿನಲ್ಲಿ ಬೆಳಿಗ್ಗೆ ಬಂದ ಮಾರುತಿ ಸಂಜೆಗೆ ಹೊಸ ಮಡ್‌ಗಾರ್ಡ್ ಹಾಕಿಕೊಂಡು ಪೇಂಟರ್ ಹತ್ತಿರ ಹೋಗುತ್ತದೆ.

ಅಂಬಾಸಿಡರ್ ಕಥೆ ಬೇರೆ. ಇದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಕಾರಿನ ಮಾದರಿ. ಹಿಂದೂಸ್ತಾನ್ ಮೋಟರ್ಸ್ ಕಂಪನಿ ಅದನ್ನು 1950ರ ದಶಕದ ಕೊನೆಯಿಂದ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸುತ್ತ ಬಂತು. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತುಹೋಯಿತು. ಈಗ ಪತ್ರಾ ಬೇಕೆಂದರೆ ಮೂರೇ ದಾರಿ: ಎಲ್ಲೋ ಉಳಿದ ಹಳೆಯ ಸ್ಟಾಕು, ಗುಜರಿಗೆ ಬಂದ ಇನ್ನೊಂದು ಕಾರು, ಅಥವಾ ಹೊರಗಿನವರು ಅಂದಾಜಿನಲ್ಲಿ ಮಾಡಿದ ಮಾಲು. ಸಾಹುಕಾರರು ತಂದಿದ್ದು ಮೂರನೆಯದು. ನೋಡಲು ಮಡ್‌ಗಾರ್ಡೇ, ಆದರೆ ಒಂದು ಕಡೆ ತೂತುಗಳು ಅರ್ಧ ಇಂಚು ಆಚೆ ಇದ್ದವು.

ಮೊದಲ ಕೆಲಸ ಬಿಚ್ಚುವುದು. ಬಂಪರ್, ದೀಪ, ಜಾಲರಿ, ಸೀಟು, ನೆಲದ ಹಾಸು, ಬಾಗಿಲು, ವೈರಿಂಗ್ ಎಲ್ಲ ಹೊರಗೆ ಬರಬೇಕು. ವೆಲ್ಡಿಂಗಿನ ಕಿಡಿ ಬಿದ್ದರೆ ಹಾಸೂ ಸುಡುತ್ತದೆ, ವೈರೂ ಸುಡುತ್ತದೆ. ನಲವತ್ತು ವರ್ಷದ ಬೋಲ್ಟುಗಳು ತಿರುಗುವುದಿಲ್ಲ. ರಾತ್ರಿ ಡೀಸೆಲ್ ಹಾಕಿ ಬಿಟ್ಟು ಬೆಳಿಗ್ಗೆ ತಿರುಗಿಸಿ ನೋಡುತ್ತಾರೆ. ಬಾರದಿದ್ದರೆ ಗ್ಯಾಸಿನಿಂದ ಕಾಯಿಸುತ್ತಾರೆ. ಆಗಲೂ ಬಾರದಿದ್ದರೆ ತಲೆ ಕತ್ತರಿಸಿ, ಒಳಗೆ ಉಳಿದದ್ದನ್ನು ಡ್ರಿಲ್ ಹೊಡೆದು ತೆಗೆಯುತ್ತಾರೆ. ಒಂದೇ ಒಂದು ಬೋಲ್ಟಿಗೆ ಅಬ್ಬಾ ಒಂದೂವರೆ ಗಂಟೆ ಕೂತದ್ದು ನನ್ನ ಪುಸ್ತಕದಲ್ಲಿದೆ. ಆ ಬೋಲ್ಟಿನ ಬೆಲೆ ಹತ್ತು ರೂಪಾಯಿಯೂ ಇಲ್ಲ.

ಎರಡನೆಯದು ಕೊಳೆತದ್ದನ್ನು ಹುಡುಕಿ ಕತ್ತರಿಸುವುದು. ತುಕ್ಕು ಹೊರಗಿನಿಂದ ಕಾಣುವಷ್ಟೇ ಇರುವುದಿಲ್ಲ. ಬಣ್ಣದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಷ್ಟು ಹೋಗಿರುತ್ತದೆ. ಯಾವ ಮಿಸ್ತ್ರಿಯೂ ಮೊದಲ ದಿನವೇ ಸರಿಯಾದ ಅಂದಾಜು ಹೇಳಲಾರದ್ದು ಇದಕ್ಕೇ. ಬಿಚ್ಚುವ ಮೊದಲು ಅವರಿಗೂ ಕಾಣುವುದು ಬಣ್ಣ ಮಾತ್ರ.

ಮೂರನೆಯದು ನಿಜವಾದ ಕಷ್ಟ. ಬಾಗಿಲ ಕೆಳಗಿನ ಪಟ್ಟಿಗೆ ನಾನು ಹೊಸ್ತಿಲು ಎಂದು ಹೆಸರಿಟ್ಟಿದ್ದೇನೆ. ಮನೆಯ ಹೊಸ್ತಿಲಿನಂತೆ ಅದು ಬರೀ ಅಂದಕ್ಕೆ ಇರುವುದಲ್ಲ. ಲಾರಿಗೆ ಕೆಳಗೆ ಬೇರೆ ಚಾಸಿ ಇರುತ್ತದೆ. ಅಂಬಾಸಿಡರ್‌ಗೆ ಬೇರೆ ಚಾಸಿ ಇಲ್ಲ, ಇಡೀ ಪತ್ರಾ ಮೈಯೇ ಭಾರ ಹೊರುತ್ತದೆ. ಹೊಸ್ತಿಲು ಕತ್ತರಿಸಿದರೆ ಕಾರು ನಡುವೆ ಬಾಗುತ್ತದೆ. ಬಾಗಿದ ಮೇಲೆ ಎಷ್ಟು ಚೆನ್ನಾಗಿ ವೆಲ್ಡಿಂಗ್ ಮಾಡಿದರೂ ಬಾಗಿಲು ಮುಚ್ಚುವುದಿಲ್ಲ. ಆದ್ದರಿಂದ ಮೊದಲು ಕಾರನ್ನು ಸಮನಾಗಿ ಎತ್ತಿ ನಿಲ್ಲಿಸಿ, ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಆ್ಯಂಗಲ್ ವೆಲ್ಡ್ ಮಾಡಿ, ಒಂದು ಬದಿ ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದು ಬದಿ ಹಿಡಿಯಬೇಕು. ಕೆಲಸ ಮುಗಿದ ಮೇಲೆ ಆ ಆ್ಯಂಗಲ್‌ಗಳನ್ನು ಕತ್ತರಿಸಿ ಎಸೆಯುತ್ತಾರೆ. ಗಿರಾಕಿ ಬಂದು ನೋಡಿದಾಗ ಅವುಗಳ ಗುರುತೂ ಇರುವುದಿಲ್ಲ. ಆದರೆ ಅವನ್ನು ಹಚ್ಚುವುದಕ್ಕೂ ತೆಗೆಯುವುದಕ್ಕೂ ಗಂಟೆಗಳು ಹೋಗಿರುತ್ತವೆ.

ಹೊಸ್ತಿಲಿನ ತುಂಡು ಎಲ್ಲೂ ಸಿಗಲಿಲ್ಲ. ಅಬ್ಬಾ ಹಳೆಯದರ ಅಳತೆಯನ್ನು ರಟ್ಟಿನ ಮೇಲೆ ಬರೆದು, ರಟ್ಟಿನಿಂದ ಪತ್ರಾಕ್ಕೆ ಇಳಿಸಿ, ಆ್ಯಂಗಲ್‌ಗಳ ನಡುವೆ ಹಿಡಿದು ಸುತ್ತಿಗೆಯಿಂದ ಮಡಿಸಿದರು. ಹದಿನೆಂಟು ಗೇಜಿನ ಪತ್ರಾ ಸುಮಾರು 1.2 ಮಿಲಿಮೀಟರ್ ದಪ್ಪ. ಇಷ್ಟು ತೆಳುವಾದದ್ದಕ್ಕೆ ಒಂದೇ ಸಮನೆ ವೆಲ್ಡಿಂಗ್ ಎಳೆದರೆ ಕಾವಿಗೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಇಲ್ಲೊಂದು ಇಂಚು, ಅಲ್ಲೊಂದು ಇಂಚು ಹಚ್ಚಿ, ಒದ್ದೆ ಬಟ್ಟೆಯಿಂದ ತಣಿಸಿ, ಮತ್ತೆ ಶುರು ಮಾಡಬೇಕು. ಹಿಂದೆ ಡಾಲಿ ಹಿಡಿದು ಮುಂದೆ ಸುತ್ತಿಗೆ ಹೊಡೆಯುವಾಗ ಸದ್ದಿನಿಂದಲೇ ಅಬ್ಬಾ ಅವರಿಗೆ ಪತ್ರಾ ಎಲ್ಲಿ ಉಬ್ಬಿದೆ ಎಂದು ತಿಳಿಯುತ್ತದೆ. ಅದೇ ಸದ್ದಿನಿಂದ ಅವರ ಎಡಗಿವಿ ಈಗ ಮಂದವಾಗಿದೆ. ಮನೆಯಲ್ಲಿ ನಾವು ಅವರ ಬಲಗಡೆಯೇ ಕೂತು ಮಾತಾಡುತ್ತೇವೆ.

ಕೊನೆಯದು ಸಂದು ಹೊಂದಿಸುವುದು. ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವೆ, ಮಡ್‌ಗಾರ್ಡಿಗೂ ಬಾಗಿಲಿಗೂ ನಡುವೆ ಒಂದೇ ಅಗಲದ ಗೆರೆ ಬರಬೇಕು. ತೂತು ಅಗಲ ಮಾಡಿ, ವಾಷರ್ ಇಟ್ಟು, ಬಿಗಿದು, ಬಾಗಿಲು ಹಾಕಿ ನೋಡಿ, ಮತ್ತೆ ಸಡಿಲಿಸಿ. ಒಂದು ಸಂಜೆ ಎಡಬದಿಯ ಬಾಗಿಲನ್ನು ಅವರು ಎಷ್ಟು ಸಲ ಹಾಕಿ ತೆಗೆದರೆಂದು ಎಣಿಸಿದೆ. ಮೂವತ್ತೊಂದು ಸಲ.

ಎಲ್ಲ ಮುಗಿದಾಗ ನನ್ನ ಪುಸ್ತಕದ ಲೆಕ್ಕ ಹೀಗಿತ್ತು:

ಬಿಚ್ಚುವುದು – 24 ಗಂಟೆ
ಕೊಳೆತದ್ದನ್ನು ಕತ್ತರಿಸಿ ತುಕ್ಕು ಉಜ್ಜುವುದು – 18 ಗಂಟೆ
ಆ್ಯಂಗಲ್ ಹಚ್ಚಿ ಹೊಸ ತುಂಡು ಮಾಡುವುದು – 36 ಗಂಟೆ
ವೆಲ್ಡಿಂಗ್ ಮಾಡಿ ನುಣುಪು ಮಾಡುವುದು – 28 ಗಂಟೆ
ಮಡ್‌ಗಾರ್ಡ್, ಬಾಗಿಲು, ಬಾನೆಟ್ ಸಂದು ಹೊಂದಿಸುವುದು – 26 ಗಂಟೆ
ಮರಳಿ ಜೋಡಿಸುವುದು – 20 ಗಂಟೆ
ಒಟ್ಟು – 152 ಗಂಟೆ

ಇದರಲ್ಲಿ ಮಾಮು ಮಗನದು 60 ಗಂಟೆ, ಅಬ್ಬಾ ಅವರದು 92 ಗಂಟೆ. ಇನ್ನು ರೂಪಾಯಿ ಲೆಕ್ಕ. ಬಂದ ಮಜೂರಿ 20,000. ಗ್ಯಾಸು ಮತ್ತು ವೆಲ್ಡಿಂಗ್ ತಂತಿಗೆ 3,200. ಉಜ್ಜುವ ಚಕ್ರ, ಕತ್ತರಿಸುವ ಚಕ್ರಕ್ಕೆ 1,100. ಅಷ್ಟು ದಿನದ ಕರೆಂಟು ಮತ್ತು ಜಾಗದ ಬಾಡಿಗೆಯ ಪಾಲು 2,900. ಮಾಮು ಮಗನ ಕೂಲಿ ದಿನಕ್ಕೆ 600ರಂತೆ ಏಳೂವರೆ ದಿನಕ್ಕೆ 4,500. ಒಟ್ಟು ಖರ್ಚು 11,700. ಉಳಿದದ್ದು 8,300. ಇದನ್ನು 92 ಗಂಟೆಗೆ ಹಂಚಿದರೆ ಗಂಟೆಗೆ 90 ರೂಪಾಯಿ.

ಮಾಮು ಮಗನಿಗೆ ಗಂಟೆಗೆ ಬಿದ್ದದ್ದು 75 ರೂಪಾಯಿ. ಮೂರು ವರ್ಷದ ಕೈಗೆ 75, ಇಪ್ಪತ್ತೇಳು ವರ್ಷದ ಕೈಗೆ 90. ನಡುವಿನ ವ್ಯತ್ಯಾಸ 15 ರೂಪಾಯಿ. ವೆಲ್ಡಿಂಗ್ ಮಷಿನ್ನಿನ ಸವಕಳಿಯನ್ನು ನಾನಿನ್ನೂ ಕಳೆದಿರಲಿಲ್ಲ.

ನಮ್ಮ ಪುಸ್ತಕದ ಪ್ರಕಾರ ಲೆಕ್ಕ ಹಾಕಿದ್ದರೆ ಈ ವಿಷಯ ಕಾಣುತ್ತಲೇ ಇರಲಿಲ್ಲ. ವ್ಯಾಪಾರ ಖಾತೆಯ ಖರ್ಚಿನ ಬದಿಯಲ್ಲಿ 'ಕೂಲಿ' ಎಂದು ಬರೆಯುತ್ತೇವೆ. ಅದು ಹೊರಗಿನವರಿಗೆ ಕೊಟ್ಟ ಕೂಲಿ. ಮಾಲೀಕ ತನ್ನ ಕೈಯಿಂದ ಮಾಡಿದ ಕೆಲಸಕ್ಕೆ ಯಾರೂ ಹಣ ಕೊಟ್ಟಿಲ್ಲ, ಹಾಗಾಗಿ ಅದು ಎಲ್ಲೂ ದಾಖಲಾಗುವುದಿಲ್ಲ. ಕೊನೆಗೆ ಉಳಿದ 8,300 ರೂಪಾಯಿಗೆ 'ಲಾಭ' ಎಂದು ಹೆಸರು. ನಮ್ಮ ಅರ್ಥಶಾಸ್ತ್ರದ ಮೇಡಂ ಇದನ್ನು ನೋಡಿ, "ಇದು ಲಾಭ ಅಲ್ಲಮ್ಮ, ನಿಮ್ಮ ತಂದೆಯ ಕೂಲಿಯೇ ಲಾಭದ ಹೆಸರು ಹಾಕಿಕೊಂಡು ಕೂತಿದೆ" ಎಂದರು. ಅವಕಾಶ ವೆಚ್ಚದ ಪಾಠವನ್ನು ಮತ್ತೆ ತೆಗೆಸಿದರು. ಅಂಬಾಸಿಡರ್ ಶೆಡ್ಡಿನಲ್ಲಿ ನಿಂತಿದ್ದಾಗ ಅಬ್ಬಾ ಎರಡು ಟ್ರೇಲರ್‌ಗಳನ್ನು ಬೇರೆ ಕಡೆ ಕಳಿಸಿದ್ದರು. ಟ್ರೇಲರಿನ ಪಾಟಿ ವೆಲ್ಡಿಂಗ್ ಎರಡು ಗಂಟೆಯ ಕೆಲಸ, ಖರ್ಚು ಹೋಗಿ 400 ರೂಪಾಯಿ ಉಳಿಯುತ್ತದೆ, ಅಂದರೆ ಗಂಟೆಗೆ 200. ಕಷ್ಟದ ಕೆಲಸಕ್ಕೆ 90, ಸುಲಭದ ಕೆಲಸಕ್ಕೆ 200!

ಹೀಗೇಕೆ ಎಂದು ಕೇಳಿದಾಗ ಮೇಡಂ ವಿಲಿಯಂ ಬೌಮಾಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರ ವಿಚಾರ ಹೇಳಿದರು. ಅವರು ವಿಲಿಯಂ ಬೋವೆನ್ ಜೊತೆ ಸೇರಿ 1966ರಲ್ಲಿ ಸಂಗೀತ, ನಾಟಕದ ಖರ್ಚಿನ ಬಗ್ಗೆ ಪುಸ್ತಕ ಬರೆದರು. ನಾಲ್ಕು ಜನ ಸೇರಿ ನುಡಿಸುವ ಒಂದು ಸಂಗೀತ ಕೃತಿಗೆ ಇನ್ನೂರು ವರ್ಷದ ಹಿಂದೆ ಎಷ್ಟು ಜನ, ಎಷ್ಟು ನಿಮಿಷ ಬೇಕಿತ್ತೋ ಇಂದೂ ಅಷ್ಟೇ ಬೇಕು. ಕಾರ್ಖಾನೆಯಲ್ಲಿ ಮಾತ್ರ ಅದೇ ಒಬ್ಬ ಕೆಲಸಗಾರ ಯಂತ್ರದಿಂದ ಹತ್ತಾರು ಪಟ್ಟು ಹೆಚ್ಚು ಮಾಲು ತೆಗೆಯುತ್ತಾನೆ, ಅವನ ಕೂಲಿ ಏರುತ್ತದೆ. ಅದರ ಜೊತೆ ಉಳಿದ ಕಡೆಯ ಕೂಲಿಯೂ ಏರಬೇಕಾಗುತ್ತದೆ, ಇಲ್ಲದಿದ್ದರೆ ಜನ ಕೆಲಸ ಬಿಟ್ಟು ಹೋಗುತ್ತಾರೆ. ಆದ್ದರಿಂದ ವಸ್ತು ಅಗ್ಗವಾಗುತ್ತದೆ, ಕೈಕೆಲಸ ದುಬಾರಿಯಾಗುತ್ತದೆ. ನಮ್ಮ ಶೆಡ್ಡಿಗೆ ಇದು ಎಷ್ಟು ಹೊಂದುತ್ತದೆ ನೋಡಿ. ಪ್ರೆಸ್ಸಿನಲ್ಲಿ ಒಂದು ಮಡ್‌ಗಾರ್ಡ್ ಕ್ಷಣದಲ್ಲಿ ಆಕಾರ ಪಡೆಯುತ್ತದೆ. ಅಬ್ಬಾ ಹೊಸ್ತಿಲು ಮಡಿಸಲು ಅವರ ಉಸ್ತಾದರಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟೇ ಹೊತ್ತು ಹಿಡಿಯುತ್ತದೆ. ಸಾಮಾನಿಗಿಂತ ಮಜೂರಿ ಹೆಚ್ಚಾಗುವುದು ಮಿಸ್ತ್ರಿಯ ಆಸೆಬುರುಕತನದಿಂದಲ್ಲ. ಮಜೂರಿ ಏರದೆ ಉಳಿದರೆ ನಷ್ಟ ಯಾರದೋ ಒಬ್ಬರದು. ನಮ್ಮಲ್ಲಿ ಅದು ಅಬ್ಬಾ ಅವರದಾಗಿತ್ತು.

ಗಿರಾಕಿಯ ಕಡೆಯಿಂದಲೂ ನೋಡಬೇಕು. ಕೊಟ್ಟ ಹಣ ಎಲ್ಲಿ ಹೋಯಿತೆಂದು ಅವರಿಗೆ ಕಾಣುವುದಿಲ್ಲ. ಮಾಡಿದ ಕೆಲಸವೆಲ್ಲ ಬಣ್ಣದ ಅಡಿಯಲ್ಲಿ ಮುಚ್ಚಿಹೋಗುತ್ತದೆ. ತುಕ್ಕನ್ನು ಕತ್ತರಿಸದೆ ಅದರ ಮೇಲೆಯೇ ದಪ್ಪಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರೂ ಮೊದಲ ದಿನ ಅಷ್ಟೇ ಚಂದ ಕಾಣುತ್ತದೆ, ಮಜೂರಿ ಕಾಲು ಭಾಗವೂ ಆಗುವುದಿಲ್ಲ. ಎರಡು ಮಳೆಗಾಲ ಕಳೆದರೆ ಪುಟ್ಟಿ ಸಿಡಿಯುತ್ತದೆ. ಒಳಗಿನ ಹೊಸ್ತಿಲು ಕೊಳೆತಿದ್ದರೆ ಅದರಲ್ಲಿ ಕೂತವರ ಜೀವಕ್ಕೂ ಭಯ. ಎರಡೂ ಕೆಲಸ ಹೊರಗಿನಿಂದ ಒಂದೇ ರೀತಿ ಕಂಡರೆ ಗಿರಾಕಿ ಕಡಿಮೆ ರೇಟಿನ ಕಡೆ ಹೋಗುವುದು ಸಹಜ. ಅದಕ್ಕಾಗಿ ನಾನು ಗಂಟೆಗಳ ಜೊತೆ ಫೋಟೋಗಳನ್ನೂ ತೆಗೆದಿಟ್ಟೆ. ಕತ್ತರಿಸುವ ಮೊದಲು, ಕತ್ತರಿಸಿದ ಮೇಲೆ, ಆ್ಯಂಗಲ್ ಹಚ್ಚಿದಾಗ, ಹೊಸ ತುಂಡು ಕೂತಾಗ.

ಜಾತ್ರೆಗೆ ಎರಡು ವಾರ ಇರುವಾಗ ಸಾಹುಕಾರರು ಕಾರು ಒಯ್ಯಲು ಬಂದರು. ಅಬ್ಬಾ ಅವರನ್ನು ಕೇಳಿಯೇ ನಾನು ಪುಸ್ತಕವನ್ನೂ ಫೋಟೋಗಳನ್ನೂ ತೋರಿಸಿದೆ. ಹೆಚ್ಚು ಹಣ ಕೇಳಲು ಅಲ್ಲ, ಕಾಲೇಜಿನ ಕೆಲಸ ಎಂದೇ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಪುಟ ಪುಟವನ್ನೂ ಓದಿದರು. ಬಾಗಿಲು ಮೂವತ್ತೊಂದು ಸಲ ಎಂಬುದನ್ನು ಓದಿ ನಕ್ಕರು. 90 ಮತ್ತು 75 ಎಂದು ಬರೆದ ಪುಟಕ್ಕೆ ಬಂದಾಗ ನಗಲಿಲ್ಲ.

"ಏನವ್ವಾ, ನಿಮ್ಮಪ್ಪನ ಕೂಲಿ ಇದ್ರಾಗ ಹಿಡದಿಲ್ಲಂದ್ರ ಲೆಕ್ಕ ಹೆಂಗಾಕ್ಕೈತಿ? ನಾವು ಗುರ್ಲಾಪುರ ಕ್ರಾಸಿನ್ಯಾಗ ಕುಂತಿದ್ದು ಇದಕ್ಕ ಅಲ್ಲೇನ?" ಎಂದರು.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ದಿನಗಟ್ಟಲೆ ಧರಣಿ ಕೂತಿದ್ದು ನಿಮಗೆಲ್ಲ ನೆನಪಿರಬಹುದು. ಆಮೇಲೆ 3,300ಕ್ಕೆ ತೀರ್ಮಾನವಾಯಿತು. ಸಾಹುಕಾರರೂ ಅಲ್ಲಿದ್ದರಂತೆ. ಅವರ ಮಾತು ಕೇಳಿ ನಾನು ಮರುದಿನ ಕಬ್ಬಿನ ಲೆಕ್ಕ ಹುಡುಕಿದೆ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಪ್ರಕಟಿಸಿದ ಎಫ್‌ಆರ್‌ಪಿ ದರ ಕ್ವಿಂಟಲ್‌ಗೆ 355 ರೂಪಾಯಿ, ಸಕ್ಕರೆ ಇಳುವರಿ ಶೇಕಡಾ 10.25 ಇದ್ದರೆ. ಕಬ್ಬು ಬೆಳೆಯುವ ಖರ್ಚನ್ನು ಕ್ವಿಂಟಲ್‌ಗೆ 173 ರೂಪಾಯಿ ಎಂದು ಹಿಡಿದಿದ್ದಾರೆ. ಆ ಲೆಕ್ಕದ ಹೆಸರು 'ಎ2 ಪ್ಲಸ್ ಎಫ್‌ಎಲ್'. ಎ2 ಎಂದರೆ ರೈತ ಕೈಯಿಂದ ಕೊಟ್ಟ ಖರ್ಚು: ಬೀಜ, ಗೊಬ್ಬರ, ಆಳಿನ ಕೂಲಿ ಇತ್ಯಾದಿ. ಎಫ್‌ಎಲ್ ಎಂದರೆ ಮನೆಯವರು ಹೊಲದಲ್ಲಿ ಮಾಡಿದ ದುಡಿಮೆಗೆ ಕಟ್ಟಿದ ಬೆಲೆ. ಆ ಖರ್ಚು ಕಡಿಮೆ ಹಿಡಿದಿದ್ದಾರೆ ಎಂದು ರೈತರು ಜಗಳ ಮಾಡಬಹುದು. ಆದರೆ ಮನೆಯವರ ದುಡಿಮೆಗೆ ಒಂದು ಸಾಲು ಇದೆ. ನಮ್ಮ ಶೆಡ್ಡಿನ ಲೆಕ್ಕದಲ್ಲಿ ಆ ಎಫ್‌ಎಲ್ ಸಾಲೇ ಇರಲಿಲ್ಲ.

ಸಾಹುಕಾರರು 20,000ದ ಮೇಲೆ ಇನ್ನು 3,000 ಇಟ್ಟರು. ಅಬ್ಬಾ ಮುಟ್ಟಲಿಲ್ಲ. "ಮಾತು ಇಪ್ಪತ್ತಕ್ಕ ಆಗೇತ್ರಿ" ಎಂದು ಹಿಂದಕ್ಕೆ ತಳ್ಳಿದರು. ಅಮ್ಮಿ ಒಳಗಿನಿಂದ ನೋಡುತ್ತಿದ್ದರು, ಏನೂ ಹೇಳಲಿಲ್ಲ. ನನ್ನ ಡಿಗ್ರಿ ಫೀಸಿನ ವಿಷಯ ಹಿಂದಿನ ರಾತ್ರಿಯಷ್ಟೇ ಮನೆಯಲ್ಲಿ ಮಾತಾಗಿತ್ತು. ನನಗೆ ಒಂದು ಕಡೆ ಬೇಸರ, ಇನ್ನೊಂದು ಕಡೆ ಹೆಮ್ಮೆ.

ಆದರೆ ಕಾರಿನಲ್ಲಿ ಇನ್ನೂ ಕೆಲಸವಿತ್ತು. ಡಿಕ್ಕಿಯ ನೆಲ ಮತ್ತು ಹಿಂದಿನ ಎರಡು ಬಾಗಿಲಿನ ಕೆಳಭಾಗವನ್ನು ಜಾತ್ರೆ ಮುಗಿದ ಮೇಲೆ ಮಾಡೋಣ ಎಂದು ಬಿಟ್ಟಿದ್ದರು. ಅದಕ್ಕೆ ಹೊಸ ಮಾತಾಯಿತು. ಅಬ್ಬಾ ಅವರ ಕೈಗೆ ಗಂಟೆಗೆ 150, ಮಾಮು ಮಗನ ಕೈಗೆ 80, ಗ್ಯಾಸು, ಚಕ್ರ, ಬಾಡಿಗೆಯ ಪಾಲು ಬೇರೆ. ನಲವತ್ತು ಗಂಟೆ ದಾಟುವ ಹಾಗಿದ್ದರೆ ಮೊದಲು ಫೋನ್ ಮಾಡಿ ಕೇಳಬೇಕು, ಒಳಗೆ ಕಂಡ ತುಕ್ಕಿನ ಫೋಟೋ ಕಳಿಸಬೇಕು. ಈ ಕೊನೆಯ ಷರತ್ತು ಸಾಹುಕಾರರದು, ಅದು ನ್ಯಾಯವಾದದ್ದೇ ಎಂದು ಅಬ್ಬಾ ಒಪ್ಪಿದರು.

ಹೊರದೇಶಗಳಲ್ಲಿ ಹಳೆಯ ಕಾರಿನ ಕೆಲಸಕ್ಕೆ ಗಂಟೆ ಲೆಕ್ಕದ ಬಿಲ್ಲು ಸಾಮಾನ್ಯ. ಅಲ್ಲಿ ಕೆಲವು ಕಾರುಗಳಿಗೆ ಪತ್ರಾ ಕೂಡ ಸುಲಭವಾಗಿ ಸಿಗುತ್ತದೆ. ಇಂಗ್ಲೆಂಡಿನ ಎಂಜಿಬಿ ಎಂಬ ಕಾರಿನ ತಯಾರಿಕೆ 1980ರಲ್ಲಿ ನಿಂತಿತು. ಆದರೆ ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ 1988ರಿಂದ ಅದರ ಇಡೀ ಮೈಯನ್ನೇ ಹೊಸದಾಗಿ ಮಾಡಿ ಮಾರುತ್ತಿದೆ. ಪತ್ರಾ ಸರಿಯಾದ ಅಳತೆಯಲ್ಲಿ ಸಿಕ್ಕರೆ ಮಿಸ್ತ್ರಿಯ ಗಂಟೆಗಳು ಉಳಿಯುತ್ತವೆ. ನಮ್ಮ ಅಂಬಾಸಿಡರ್‌ಗೆ ಅಂಥ ವ್ಯವಸ್ಥೆ ಇಲ್ಲದಿರುವುದರಿಂದ ಕಾರ್ಖಾನೆಯ ಪ್ರೆಸ್ ಮಾಡಬೇಕಾದ ಕೆಲಸವನ್ನು ಅಬ್ಬಾ ಅವರ ತೋಳು ಮಾಡುತ್ತಿದೆ.

ನಮ್ಮಲ್ಲಿ ಹಳೆಯ ಕಾರು ಇಟ್ಟುಕೊಳ್ಳುವುದೂ ಅಗ್ಗವಲ್ಲ. ಇಪ್ಪತ್ತು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣಕ್ಕೆ 2025ರ ಆಗಸ್ಟ್‌ನಿಂದ ಶುಲ್ಕ 10,000 ರೂಪಾಯಿ. ಐವತ್ತು ವರ್ಷ ಮೀರಿದ ಗಾಡಿಗಳಿಗೆ 2021ರಲ್ಲಿ ಬೇರೆಯೇ ವಿಂಟೇಜ್ ನಿಯಮ ಬಂದಿದೆ. ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಸಾಹುಕಾರರ ಕಾರಿಗೆ ಐವತ್ತು ತುಂಬುವುದು 2036ಕ್ಕೆ. ಅಲ್ಲಿಯವರೆಗೆ ಅದರ ಆಕಾರ ಕೆಡದಂತೆ ತುಂಡು ಹಚ್ಚಬಲ್ಲ ಕೈಗಳು ಉಳಿದಿರಬೇಕು.

ಉಳಿದಿರುತ್ತವೆಯೇ ಎಂಬುದೇ ನನ್ನ ಚಿಂತೆ. ಮಾಮು ಮಗನಿಗೆ ಕೊಲ್ಲಾಪುರದ ಕಡೆಯ ಒಂದು ಕಾರ್ಖಾನೆಯಿಂದ ಕರೆ ಬಂದಿದೆ. ತಿಂಗಳ ಸಂಬಳ, ಪಿಎಫ್, ಭಾನುವಾರ ರಜೆ. ಅವನು ಹೋದರೆ ತಪ್ಪು ಎನ್ನಲು ನನಗೆ ಬಾಯಿಲ್ಲ. ಇಪ್ಪತ್ತೇಳು ವರ್ಷ ದುಡಿದ ಮೇಲೆ ಗಂಟೆಗೆ 15 ರೂಪಾಯಿ ಹೆಚ್ಚು ಸಿಗುತ್ತದೆ ಎಂಬ ಲೆಕ್ಕವನ್ನು ಅವನಿಗೂ ನಾನೇ ತೋರಿಸಿದ್ದೇನೆ. ಹೊಸ ದರ ನಡೆದರೆ ಇನ್ನೊಂದು ವರ್ಷ ನೋಡುತ್ತೇನೆ ಎಂದಿದ್ದಾನೆ. ಅಬ್ಬಾ ಅವರಿಗೂ ಪೂರ್ತಿ ಧೈರ್ಯವಿಲ್ಲ. "ಗಂಟಿ ಲೆಕ್ಕಾ ಹಚ್ಚಿದ್ರ ಗಿರಾಕಿ ಓಡಿಹೋಗ್ತಾರ" ಎನ್ನುತ್ತಾರೆ. ಕಳೆದ ತಿಂಗಳು ಒಬ್ಬರು ಹಾಗೆ ಎದ್ದು ಹೋದದ್ದೂ ಉಂಟು. ಇಬ್ಬರು ಒಪ್ಪಿದರು.

ಕೂಲಿಯವನ ಕೂಲಿಯನ್ನು ತಡಮಾಡಬಾರದು ಎಂದು ನಮಗೆ ಮಕ್ತಬದಲ್ಲಿ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ಅಬ್ಬಾ ಅದನ್ನು ಒಂದು ವಾರವೂ ತಪ್ಪಿಸಿಲ್ಲ. ಸಂತೆಯ ದಿನ ಮನೆಗೆ ಕಾಯಿಪಲ್ಲೆ ತರುವ ಮೊದಲು ಮಾಮು ಮಗನ ಕೂಲಿ ಎಣಿಸಿ ಕೊಡುತ್ತಾರೆ. ಅವರ ಸ್ವಂತ ಕೈಯ ಕೂಲಿ ಮಾತ್ರ ಇಪ್ಪತ್ತೇಳು ವರ್ಷದಿಂದ ಯಾರ ಪುಸ್ತಕದಲ್ಲೂ ಬಂದಿರಲಿಲ್ಲ.

ನಮ್ಮ ಕಾಲೇಜಿನಲ್ಲಿ ನನ್ನಂಥ ಮನೆಗಳಿಂದ ಬಂದವರು ಬಹಳ ಜನರಿದ್ದಾರೆ. ಒಬ್ಬರ ಮನೆಯಲ್ಲಿ ಹೊಲಿಗೆ, ಇನ್ನೊಬ್ಬರ ಮನೆಯಲ್ಲಿ ಬೇಕರಿ, ಗಾದಿ ಕೆಲಸ, ಫರ್ನಿಚರ್, ಹಣ್ಣಿನ ಗಾಡಿ. ವಾಣಿಜ್ಯ ವಿಭಾಗದ ಗೆಳೆಯ ಗೆಳತಿಯರಿಗೆ ನನ್ನದೊಂದು ವಿನಂತಿ. ಒಂದೇ ಒಂದು ತಿಂಗಳು ಬರೆದು ನೋಡಿ. ನಾಲ್ಕು ಕಾಲಂ ಸಾಕು: ಏನು ಕೆಲಸ, ಯಾರು ಮಾಡಿದರು, ಎಷ್ಟು ಗಂಟೆ, ಖರ್ಚು ಎಷ್ಟು. ಮನೆಯವರ ಗಂಟೆಗಳನ್ನೂ ಬರೆಯಿರಿ, ವಿಶೇಷವಾಗಿ ಹೊಲಿಗೆಗೆ ಕಾಜಾ ಗುಂಡಿ ಹಾಕುವ, ಬೇಕರಿಗೆ ಹಿಟ್ಟು ಜರಡಿ ಹಿಡಿಯುವ ಅಮ್ಮಂದಿರ ಗಂಟೆಗಳನ್ನು. ರೇಟು ಏರಿಸಬೇಕೋ ಬೇಡವೋ ಎಂಬುದನ್ನು ದೊಡ್ಡವರು ತೀರ್ಮಾನಿಸಲಿ. ತೀರ್ಮಾನಿಸುವಾಗ ಅವರ ಮುಂದೆ ನಿಜವಾದ ಸಂಖ್ಯೆ ಇರಲಿ.

ಕಾಲಂ ಹಾಕುವುದು ಹೇಗೆಂದು ಬೇಕಾದವರು ನನ್ನ ಪುಸ್ತಕ ನೋಡಬಹುದು. ಲೆಕ್ಕಶಾಸ್ತ್ರದ ಸರ್ ಅದನ್ನು ಕಾಲೇಜಿನ ಗ್ರಂಥಾಲಯದಲ್ಲಿ ಇಟ್ಟಿದ್ದಾರೆ. ಕೆಲವು ಪುಟಗಳಲ್ಲಿ ಗ್ರೀಸಿನ ಬೆರಳಚ್ಚು ಇದೆ, ಆದರೆ ಅಂಕಿಗಳು ಕಾಣುತ್ತವೆ.